ಸೈರನ್, ವಾಚಿನ ಬಳೆ ಮತ್ತು ಆತುರಪ್ಪ

ದೋಣಿಕಟ್ಟೆಯ ಜನ ಹಾಯಿ ಹೊಲಿಯುವವನನ್ನು ಕರೆಯುತ್ತಿದ್ದದ್ದು ಆತುರಪ್ಪ ಎಂದು. ಹೊಲಿಗೆಯಲ್ಲಿ ಅವನಿಗೆ ಯಾವ ಆತುರವೂ ಇರಲಿಲ್ಲ; ನೆಲದ ತುಂಬ ಹಾಯಿ ಹರವಿಕೊಂಡು ಕೂತರೆ ಊಟಕ್ಕೆ ಎಬ್ಬಿಸುವುದೇ ಹೆಂಡತಿಗೊಂದು ಕೆಲಸ. ಆತುರವೆಲ್ಲ ಹಾಯಿದೋಣಿ ಪಂದ್ಯದಲ್ಲಿ. ಅಲ್ಲಿ ಮೊದಲ ಸೈರನ್ ಆಗಿ ಐದು ನಿಮಿಷಕ್ಕೆ ಎರಡನೆಯದು ಕೂಗುತ್ತದೆ. ಆಮೇಲೆಯೇ ಹೊರಡುವ ಗೆರೆ ದಾಟಬೇಕು. ಇವನು ಪ್ರತಿ ವರ್ಷ ಮೊದಲೇ ದಾಟಿ, ಮುಖ ಸಣ್ಣದು ಮಾಡಿಕೊಂಡು ವಾಪಸು ಬರುತ್ತಿದ್ದ.

ದೋಣಿ ಅವನ ಅಕ್ಕನದು. ಈ ಸಲ ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಳು: "ಇನ್ನೊಂದ್ಸಲ ಮೊದ್ಲೇ ನುಗ್ಗಿದ್ರೆ ಚುಕ್ಕಾಣಿ ಮುಟ್ಟೋದು ಮರ್ತುಬಿಡು."

ಚುಕ್ಕಾಣಿ ಹಿಡಿದಾಗಲೇ ಅವನಿಗೆ ತಾನೂ ಒಬ್ಬ ಮನುಷ್ಯ ಅನ್ನಿಸುತ್ತಿದ್ದದ್ದು.

ಹೆಂಡತಿ ಒಂದು ವಾಚು ತಂದುಕೊಟ್ಟಳು. ಗಾಜಿನ ಸುತ್ತ ತಿರುಗುವ ಬಳೆ, ಬಳೆಯ ಮೇಲೊಂದು ಕೆಂಪು ಗುರುತು. ಮೊದಲ ಸೈರನ್ ಆದ ಕೂಡಲೇ ಆ ಗುರುತನ್ನು ನಿಮಿಷದ ಮುಳ್ಳಿಗಿಂತ ಐದು ನಿಮಿಷ ಮುಂದಕ್ಕೆ ತಿರುಗಿಸಿಡುವುದು. ಮುಳ್ಳು ಬಂದು ಅದನ್ನು ಮುಟ್ಟಿದಾಗ ಹೊರಡುವುದು. ಕೈಗೆ ರೂಢಿಯಾಗಲೆಂದು ಮಗುವಿನ ಹಾಲಿನ ಬಾಟಲಿಗಳನ್ನು ನೀರಲ್ಲಿ ಐದು ನಿಮಿಷ ಕುದಿಸುವ ಕೆಲಸವನ್ನು ಅವನಿಗೇ ಅಂಟಿಸಿದಳು. ತಿಂಗಳಿಡೀ ಮಗು ಕಂಕುಳಲ್ಲಿ, ಕಣ್ಣು ಬಳೆಯ ಮೇಲೆ. ಮುಳ್ಳು ಮುಟ್ಟಿತೋ, ಕೈ ಚಾಚಿ ಸ್ಟವ್ ಆರಿಸುವುದು. ಬಾಟಲಿಗಳು ಫಳಫಳ ಹೊಳೆದವು, ಅವಳಿಗೂ ಒಂದಿಷ್ಟು ನಿದ್ದೆ ದಕ್ಕಿತು.

ಪಂದ್ಯದ ದಿನ ಮೊದಲ ಸೈರನ್ ಕೂಗಿತು, ಅವನು ಬಳೆ ತಿರುಗಿಸಿದ. ಪಕ್ಕದ ದೋಣಿಯವರು ಎಷ್ಟು ಕೆಣಕಿದರೂ ವಾಚಿನಿಂದ ಕಣ್ಣು ಕೀಳಲಿಲ್ಲ. ಮುಳ್ಳು ಗುರುತನ್ನು ಮುಟ್ಟಿತು, ಎರಡನೇ ಸೈರನ್ ಕೂಗಿತು. ಅವನು ಚುಕ್ಕಾಣಿ ಬಿಟ್ಟು, ಕೈ ಚಾಚಿ, ಬರೀ ಗಾಳಿಯಲ್ಲಿ ಸ್ಟವ್ ಆರಿಸಿದ.

ದೋಣಿ ಗಿರ್ರನೆ ತಿರುಗಿತು. ಹಾಯಿ ಮುಂದೆ ಕೂತಿದ್ದ ಅಕ್ಕನ ತಲೆಯ ಮೇಲೆ ಕವುಚಿಕೊಂಡಿತು. ಉಳಿದ ದೋಣಿಗಳೆಲ್ಲ ಹೋಗಿಯೇಬಿಟ್ಟವು.

"ಏನೋ ಮಾಡ್ದೆ?" ಎಂದಳು ಅಕ್ಕ, ಹಾಯಿಯೊಳಗಿಂದ.

"ಬಾಟ್ಲಿ ಸ್ಟವ್ ಆರಿಸ್ದೆ ಕಣಕ್ಕ."

ಅಕ್ಕ ಹಾಯಿ ಸರಿಸಿ ಗೆರೆಯ ಕಡೆ ನೋಡಿದಳು. ದೋಣಿ ಇನ್ನೂ ಈಚೆಗೇ ಇತ್ತು. ಆಡಿದ ಮಾತಿಗೆ ತಪ್ಪುವವಳಲ್ಲ ಅವಳು. ಎಷ್ಟು ಹುಡುಕಿದರೂ ಇವನು ಮೊದಲೇ ನುಗ್ಗಿದ ಎನ್ನಲು ದಾರಿ ಸಿಗಲಿಲ್ಲ.

"ಹಿಡ್ಕೊ, ಮುಂದಿನ ವರ್ಷಾನೂ ನೀನೇ," ಎಂದು ಹಲ್ಲು ಕಚ್ಚಿಕೊಂಡೇ ಹೇಳಿದಳು. "ಈಗ ಅಲ್ಲಿ ಲಂಗರು ಹಾಕ್ಕೊಂಡು ನಿಂತಿದೆಯಲ್ಲ ತೀರ್ಪುಗಾರರ ದೋಣಿ, ಅದನ್ನಾದ್ರೂ ಹಿಂದೆ ಹಾಕು."

ಅವನು ಬೆನ್ನು ನೆಟ್ಟಗೆ ಮಾಡಿ, ಬಹಳ ಠೀವಿಯಿಂದ ಹಿಂದೆ ಹಾಕಿದ.