ಎರಡು ಬೆರಳಗಲದ ಅಕ್ರೋಟು ಮರ

ಕೋಟು ಹೊಲಿಯುವ ಮಾಸ್ಟರಿಗೆ ಮನೆಯಲ್ಲಿದ್ದ ಅಡ್ಡಹೆಸರು ದೊರೆ. ಇಟ್ಟವನು ಬಡಗಿ ಕೆಲಸದ ಬಾಮೈದ. ಹಳೆಯ ಬ್ರಿಟಿಷ್ ಬೇಟೆ ರೈಫಲ್‌ಗಳನ್ನು ಕೂಡಿಹಾಕುವ ಭಾವನನ್ನು ಅವನು ತಾನೇ ಇನ್ನೇನೆಂದು ಕರೆದಾನು? ಹೆಸರಿಗೆ ತಕ್ಕ ಮೈಕಟ್ಟು ಮಾತ್ರ ದೇವರು ಕೊಟ್ಟಿರಲಿಲ್ಲ. ಮಾಸ್ಟರ್ ಗಿಡ್ಡ, ತೋಳು ಇನ್ನೂ ಗಿಡ್ಡ, ಹೊಟ್ಟೆಯೊಂದು ಧಾರಾಳ. ಕುಕ್ಕರ್ ಕೂಗಿದರೆ ಬೆಚ್ಚಿಬೀಳುವ ಆಸಾಮಿ. "ನಾನು ಆಡಿರೋ ಬೇಟೆ ಅಂದ್ರೆ ಸೊಳ್ಳೆದು. ಅದರಲ್ಲೂ ಅರ್ಧ ತಪ್ಪಿಸಿಕೊಂಡಿವೆ" ಎಂದು ತಾವೇ ಹೇಳಿ ನಗುತ್ತಿದ್ದರು. ಬೇರೆಯವರಿಗಿಂತ ಮುಂಚೆ ನಕ್ಕುಬಿಟ್ಟರೆ ಅರ್ಧ ಮಾನವಾದರೂ ಉಳಿಯುತ್ತದೆ ಎಂಬುದು ಅವರ ಲೆಕ್ಕಾಚಾರ.

ಅವರ ಬಳಿ ಇದ್ದದ್ದು ನಾಲ್ಕೇ ರೈಫಲ್. ಒಂದರಿಂದಲೂ ಗುಂಡು ಹಾರುವಂತಿರಲಿಲ್ಲ. ತೋಟಾಕ್ಕೆ ಬಡಿಯುವ ಒಳಗಿನ ಸೂಜಿಯನ್ನು ತೆಗೆಸಿಯೇ ಕೊಂಡಿದ್ದರು. ಅವರಿಗೆ ಬೇಕಾಗಿದ್ದುದು ಗುಂಡಲ್ಲ, ಅಳತೆ. ಆ ಕಾಲದ ಒಳ್ಳೆಯ ರೈಫಲನ್ನು ಕೋಟಿನ ಹಾಗೆ ಗಿರಾಕಿಯ ಮೈ ನೋಡಿಯೇ ಮಾಡುತ್ತಿದ್ದರಂತೆ. ಭುಜಕ್ಕೆ ಊರುವ ಮರ ಎಷ್ಟು ಉದ್ದ, ಕೆನ್ನೆ ತಾಗುವ ಕಡೆ ಎಷ್ಟು ಇಳಿಜಾರು, ಎಲ್ಲವೂ ಒಬ್ಬನೇ ಮನುಷ್ಯನಿಗೆ. ಅಂಗಡಿ ಮುಚ್ಚಿ ಬಂದ ಮೇಲೆ ಮಾಸ್ಟರ್ ಕೊರಳಲ್ಲಿದ್ದ ಟೇಪನ್ನು ಆ ಮರಕ್ಕೆ ಹಿಡಿಯುತ್ತಿದ್ದರು. ಇವನ ಕುತ್ತಿಗೆ ಉದ್ದ, ಬಲಭುಜ ಸ್ವಲ್ಪ ಇಳಿದಿದೆ, ಆ ಕಡೆ ಒಂದು ಪದರ ಹತ್ತಿ ಜಾಸ್ತಿ ಇಡಬೇಕಿತ್ತು ಎಂದುಕೊಳ್ಳುತ್ತಾ, ಎಂದೋ ಸತ್ತು ಮಣ್ಣಾದ ಸಾಹೇಬನಿಗೆ ಮನಸ್ಸಿನಲ್ಲೇ ಕೋಟು ಹೊಲಿದು ಮುಗಿಸುತ್ತಿದ್ದರು.

ಗೋಡೆಯ ಆಚೆ ಹೆಂಡತಿ ತುಳಿಯುವ ಮಷಿನ್ ಮುಂದೆ ಕೂತು ಅದೇ ಅಂಗಡಿಯ ಕೋಟುಗಳಿಗೆ ಒಳಪದರ ಹೊಲಿಯುತ್ತಿದ್ದರು. ಆ ಮಷಿನ್ನಿನ ಒಂದು ಕಾಲು ನೆಲಕ್ಕೆ ಕೂರುತ್ತಿರಲಿಲ್ಲ. ತುಳಿದಾಗಲೆಲ್ಲ ಲಟಲಟ, ಲಟಲಟ.

"ರೀ, ಇದಕ್ಕೊಂದು ದಾರಿ ಮಾಡ್ರೀ. ಸಂಜೆ ಹೊತ್ತಿಗೆ ಸೊಂಟ ಬಿದ್ದುಹೋಗತ್ತೆ."

"ನಾಳೆ ಮಾಡೋಣ ಕಣೇ" ಎಂದು ಮಾಸ್ಟರ್ ರೈಫಲಿಗೆ ಎಣ್ಣೆ ಹಚ್ಚುತ್ತಿದ್ದರು. ಆ ನಾಳೆಗೂ ಅವರ ಮದುವೆಗೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಮಾಸ್ಟರಿಗೆ ಉಳಿದಿದ್ದುದು ಒಂದೇ ಆಸೆ. ಹಳೇ ಕೋವಿ ಸಂಗ್ರಹಕಾರರ ಸಂಘಕ್ಕೆ ಸದಸ್ಯರಾಗಬೇಕು. ಅಲ್ಲಿದ್ದವರು ಡಾಕ್ಟರು, ವಕೀಲರು, ಕಾರ್ಖಾನೆ ಮಾಲೀಕರು. ಅವರೆಲ್ಲರ ಕೋಟು ಹೊಲಿದವರು ಇವರೇ. ಸಭೆಯ ಬಾಗಿಲವರೆಗೆ ಹೋಗಿ ಕೋಟು ತಲುಪಿಸಿ ಹಾಗೇ ವಾಪಸ್ ಬಂದಿದ್ದರು. ಒಂದು ದಿನ ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂರಬೇಕು, ಅಷ್ಟೇ. ಎರಡು ಸಲ ಕೇಳಿ ಎರಡು ಸಲವೂ "ಮುಂದೆ ನೋಡೋಣ" ಅನ್ನಿಸಿಕೊಂಡಿದ್ದರು. ಮನೆಯಲ್ಲಿ ನಗಾಡಿದರೂ ಒಳಗೊಳಗೇ ಅದು ಚುಚ್ಚುತ್ತಿತ್ತು. ಈ ಸಲ ಸಂಘದ ಅಧ್ಯಕ್ಷರಾದ ಕಣ್ಣಿನ ಡಾಕ್ಟರು ತಾವೇ ಮನೆಗೆ ಬಂದು ನೋಡುವುದಾಗಿ ಹೇಳಿ ಕಳಿಸಿದರು. ಸೇರಬಯಸಿದವನು ತನ್ನ ರೈಫಲನ್ನು ಭುಜಕ್ಕೇರಿಸಿ ತೋರಿಸಿ, ಅದರ ಕಥೆ ಹೇಳಬೇಕು. ಹೊಸಬರಿಗೆ ಅದೇ ಪರೀಕ್ಷೆ.

ಮಾಸ್ಟರ್ ನಾಲ್ಕರಲ್ಲಿ ಚೆಂದದ್ದನ್ನು ಆರಿಸಿ ನಿಲುವುಗನ್ನಡಿಯ ಮುಂದೆ ನಿಂತರು. ಅದು ಯಾರೋ ಆರಡಿ ಆಳಿಗೆ ಮಾಡಿದ್ದು. ಮರದ ತುದಿ ಕಂಕುಳಿಗೆ ಸಿಕ್ಕಿಕೊಂಡಿತು, ಬೆರಳು ಟ್ರಿಗರಿಗೆ ಎಟುಕಲಿಲ್ಲ. ಕನ್ನಡಿಯಲ್ಲಿ ಕಂಡದ್ದು ಅಪ್ಪನ ಕೋಟು ತೊಟ್ಟ ಮಗು, ಅದೂ ಮೀಸೆ ಇರುವ ಮಗು. ಕೆಟ್ಟದ್ದು ಇಲ್ಲೇ. ಬೇರೆ ಯಾವ ಸಂಗ್ರಹಕಾರನಾದರೂ ರೈಫಲನ್ನು ಪೆಟ್ಟಿಗೆಗೆ ಸೇರಿಸಿ ಸುಮ್ಮನಿರುತ್ತಿದ್ದ. ದರ್ಜಿಯ ಕೈ ಕೇಳಬೇಕಲ್ಲ? ಉದ್ದ ಕಂಡರೆ ಅದು ಸೀಮೆಸುಣ್ಣ ಹುಡುಕುತ್ತದೆ. ಗಿರಾಕಿ ಬದಲಾದ ಮೇಲೆ ಅಳತೆಯೂ ಬದಲಾಗಬೇಕು, ಈಗ ನಾನೇ ಗಿರಾಕಿ ಎಂದು ತಮಗೆ ತಾವೇ ಒಪ್ಪಿಗೆ ಕೊಟ್ಟುಕೊಂಡು, ಮರದ ಮೇಲೆ ಗೆರೆ ಎಳೆದು, ಬಾಮೈದನ ಹತ್ತಿರ ಗರಗಸ ಕೇಳಿದರು.

"ಯಾವ ಮರಕ್ಕೆ ಭಾವ?"

"ಏನಿಲ್ಲ ಕಣೋ, ಒಂದು ಸಣ್ಣ ಆಲ್ಟರೇಷನ್."

ಎರಡು ಬೆರಳಗಲದ ಅಕ್ರೋಟು ಮರದ ತುಂಡು ಕೆಳಗೆ ಬಿತ್ತು. ಕೊಯ್ದ ಜಾಗವನ್ನು ಮಾಸ್ಟರ್ ಉಜ್ಜಿ, ಎಣ್ಣೆ ಹಚ್ಚಿ ಮಿರಮಿರ ಮಿಂಚಿಸಿದರು. ರೈಫಲ್ ಈಗ ಅವರ ಭುಜಕ್ಕೆ ಅಚ್ಚು ಹೊಡೆದಂತೆ ಕೂತಿತು. ಆ ಇಡೀ ತಿಂಗಳು ಅವರು ಕನ್ನಡಿಯ ಮುಂದಿಂದ ಕದಲಲಿಲ್ಲ.

ಡಾಕ್ಟರು ಬಂದರು. ಮಾಸ್ಟರ್ ರೈಫಲ್ ಏರಿಸಿ ನಿಂತು ಕಥೆ ಶುರುಮಾಡಿದರು. ಮೂರನೇ ಮಾತಿಗೇ ಡಾಕ್ಟರು ಕೈ ಚಾಚಿ ರೈಫಲ್ ಇಸಿದುಕೊಂಡು ಮರದ ತುದಿ ಸವರಿದರು.

"ಇಲ್ಲಿ ಕೈಯಲ್ಲಿ ಕೆತ್ತಿದ ಗೀಟುಗಳಿರಬೇಕಿತ್ತಲ್ಲ ಮಾಸ್ಟರ್ರೇ?"

"ಇತ್ತು ಸಾರ್. ನನ್ನ ಅಳತೆಗೆ ಸ್ವಲ್ಪ... ಗಿಡ್ಡ ಮಾಡಿದೆ."

ಡಾಕ್ಟರು ತಮ್ಮ ಸ್ವಂತ ಕಾಲನ್ನೇ ಯಾರೋ ಕೊಯ್ದರೆಂಬಂತೆ ಕುರ್ಚಿಯಲ್ಲಿ ಕುಸಿದರು. "ಅಷ್ಟು ವರ್ಷ ಹೇಗಿತ್ತೋ ಹಾಗೇ ಉಳಿದಿದ್ದೇ ಅದರ ಬೆಲೆ ಕಣ್ರೀ" ಎಂದು ನಿಟ್ಟುಸಿರು ಬಿಟ್ಟರು. ಆಮೇಲೆ ಸ್ವಲ್ಪ ಮೆತ್ತಗಾದರು. "ಕೊಯ್ದ ತುಂಡು ಇದ್ರೆ ಹೇಳಿ. ಅದೇ ಮರ, ಅದೇ ಗೀಟು, ಗೆರೆ ಕಾಣದ ಹಾಗೆ ಕೂಡಿಸೋರಿದ್ದಾರೆ. ಸಂಘದಲ್ಲಿ ನಾನು ಒಪ್ಪಿಸ್ತೀನಿ."

ಮಾಸ್ಟರಿಗೆ ಹೋದ ಜೀವ ಬಂದಂತಾಯಿತು. ತುಂಡು ಎಸೆಯುವ ಜಾತಿಯೇ ಅಲ್ಲ ದರ್ಜಿಯದು. ಚಿಂದಿ ಬುಟ್ಟಿ ಬೋರಲು ಹಾಕಿದರು, ಗುಂಡಿ ಡಬ್ಬಗಳನ್ನು ಸುರಿದರು, ಹೊಟ್ಟೆಯನ್ನೂ ಲೆಕ್ಕಿಸದೆ ಕಪಾಟಿನ ಕೆಳಗೆ ತೆವಳಿದರು. ಕೊನೆಗೆ ಒಳಕೋಣೆಗೆ ಓಡಿದರು, ಡಾಕ್ಟರು ಹಿಂದೆಯೇ.

"ಒಂದು ಮರದ ತುಂಡು ನೋಡಿದೀಯೇನೇ?"

"ಇಲ್ಲೇ ಇದೆಯಲ್ಲ" ಎಂದು ಹೆಂಡತಿ ಮಷಿನ್ನಿನ ಕಾಲು ತೋರಿಸಿದರು.

ಡಾಕ್ಟರು ಬಗ್ಗಿ ಎಳೆದು ತೆಗೆದರು. ಒಂದು ಮುಖದಲ್ಲಿ ಕಬ್ಬಿಣದ ಕಾಲು ಕೂರುವಷ್ಟು ಗುಳಿ. ಒಂದು ಪಕ್ಕವನ್ನು ಪೂರಾ ಕೆತ್ತಿ ತೆಗೆಯಲಾಗಿತ್ತು.

"ಇದನ್ನ ಹೀಗೆ ಕೆತ್ತಿದ್ದು ಯಾರಮ್ಮಾ?"

"ನಾನೇ. ತಮ್ಮನ ಉಳಿ ಇತ್ತು. ಕಾಲು ಕೂರೋಕೆ ಗುಳಿ ಮಾಡಿದೆ. ಈ ಪಕ್ಕ ಹೆಬ್ಬೆರಳಿಗೆ ತಾಗ್ತಿತ್ತು, ತೆಗೆದುಬಿಟ್ಟೆ. ಅಡಿಗಡೆ ಗೀಟು ಗೀಟು ಇದೆ ನೋಡಿ, ಸ್ವಲ್ಪಾನೂ ಜಾರಲ್ಲ."

"ನನ್ನನ್ನ ಒಂದು ಮಾತು ಕೇಳಬಾರದಿತ್ತೇನೇ?" ಮಾಸ್ಟರ್ ದನಿ ಅಳುವಂತಿತ್ತು.

"ನೀವು ಯಾರನ್ನ ಕೇಳಿ ಕೊಯ್ದ್ರಿ? ನೀವು ನಿಮ್ಮ ಅಳತೆಗೆ ಕೊಯ್ದ್ರಿ, ನಾನು ನನ್ನ ಮಷಿನ್ ಅಳತೆಗೆ ಕೊಯ್ದೆ."

ಡಾಕ್ಟರು ತುಂಡನ್ನು ತಿರುಗಿಸಿ ಮುರುಗಿಸಿ ನೋಡಿ ಮಾಸ್ಟರ ಕೈಗಿಟ್ಟರು. "ಇನ್ನು ಇದು ಕೂಡಲ್ಲ ಮಾಸ್ಟರ್ರೇ. ಸಂಘದ ಆಸೆ ಬಿಟ್ಟುಬಿಡಿ" ಎಂದರು. ನಗು ತಡೆದುಕೊಂಡೇ ಹೊರಟರೆಂದು ಮಾಸ್ಟರಿಗೆ ಗೊತ್ತಾಯಿತು. ಈ ಸಲ ಅವರಿಗಿಂತ ಮುಂಚೆ ನಗಲು ಇವರಿಂದ ಆಗಲಿಲ್ಲ.

ಹೆಂಡತಿ ಉಳಿದಿದ್ದ ಹೊಲಿಗೆ ಮುಗಿಸಲು ಕೂತರು. ಲಟಲಟ, ಲಟಲಟ. ತುಂಡು ಹಿಡಿದು ನಿಂತಿದ್ದ ಮಾಸ್ಟರ್ ತಲೆ ಎತ್ತಿದರು. ಈ ಸದ್ದು ಕೇಳಿ ಎಷ್ಟು ದಿನವಾಯಿತು?

"ಇದನ್ನ ಯಾವಾಗಿಂದ ಇಟ್ಟಿದ್ದೆ?"

"ನೀವು ಕೊಯ್ದ ಮಾರನೇ ದಿನದಿಂದ. ಸದ್ದು ನಿಂತು ತಿಂಗಳಾಯ್ತು."

ಮಾಸ್ಟರಿಗೆ ನಾಚಿಕೆಯಾಯಿತು. ಸಂಘ ತಪ್ಪಿದ್ದಕ್ಕಲ್ಲ, ಡಾಕ್ಟರ ನಗುವಿಗೂ ಅಲ್ಲ. ಕಣ್ಣಿಂದ ನೋಡದ ಸಾಹೇಬನ ಬಲಭುಜ ಇಳಿದಿದ್ದು ತಿಳಿದಿತ್ತು. ಗೋಡೆಯಾಚೆ ವರ್ಷಗಟ್ಟಲೆ ಬಡಿದುಕೊಂಡ ಸದ್ದು ನಿಂತುಹೋದದ್ದು ತಿಳಿದಿರಲಿಲ್ಲ. ಅವರು ಮಂಡಿಯೂರಿ ತುಂಡನ್ನು ಕಾಲಿನಡಿ ಸೇರಿಸಿದರು, ಗೀಟು ಕೆಳಗೆ, ಗುಳಿ ಮೇಲೆ. ಆಮೇಲೆ ಎದ್ದು ಹೋಗಿ ರೈಫಲಿಗೆಂದೇ ತರಿಸಿ ಯಾರಿಗೂ ಮುಟ್ಟಗೊಡದಿದ್ದ ಎಣ್ಣೆ ಬುಡ್ಡಿಯನ್ನು ತಂದರು.

"ಇದಕ್ಕೆ ಎಲ್ಲೆಲ್ಲಿ ಹಾಕಬೇಕು, ತೋರಿಸು."

ಆಕೆ ಬುಡ್ಡಿಯನ್ನೂ ಅವರನ್ನೂ ಒಮ್ಮೆ ನೋಡಿದರು.

"ಅಂತೂ ಆ ನಾಳೆ ಬಂತು ಅನ್ನಿ" ಎಂದು ಕುರ್ಚಿ ಸರಿಸಿ ಜಾಗ ಬಿಟ್ಟರು.