ಎಮ್ಮೆಯ ಬಾಯಿ, ಮಗಳ ಹಲ್ಲು

ಮಗಳ ಹಲ್ಲಿನ ತಂತಿ ಬಿಚ್ಚಿದ ಮೇಲೆ ಕೊಪ್ಪಳದ ದಂತವೈದ್ಯೆ ಒಂದು ಪ್ಲೇಟು ಕೊಟ್ಟಿದ್ದರು. ಅಂಗುಳಕ್ಕೆ ಕೂರುವ ಗುಲಾಬಿ ಬಣ್ಣದ ತುಂಡು, ಮುಂದೊಂದು ಸಣ್ಣ ತಂತಿ. ಊಟಕ್ಕೆ ಮಾತ್ರ ತೆಗೆಯಬೇಕು, ಹಾಕದೆ ಬಿಟ್ಟರೆ ಹಲ್ಲುಗಳು ಮತ್ತೆ ಹಳೆಯ ಜಾಗಕ್ಕೇ ಹೋಗುತ್ತವೆ ಎಂದಿದ್ದರು. ಯಲಬುರ್ಗಾದಿಂದ ಎರಡು ವರ್ಷ ಬಸ್ಸಿನಲ್ಲಿ ಅಲೆದು ಸರಿಮಾಡಿಸಿದ ಹಲ್ಲು. ಅದಕ್ಕೂ ಮೊದಲು ಆ ಹುಡುಗಿ ನಾಲ್ಕು ಜನರೆದುರು ಬಾಯಿ ತೆರೆದು ನಕ್ಕವಳಲ್ಲ.

ಒಂದು ಮಧ್ಯಾಹ್ನ ಅವಳು ಪ್ಲೇಟನ್ನು ತಾಟಿನ ಅಂಚಿನಲ್ಲಿಟ್ಟು ರೊಟ್ಟಿ ತಿಂದಳು. ನಮ್ಮತ್ತೆ ಎಂದಿನಂತೆ ಆ ತಾಟನ್ನು ಮುಸುರೆ ಬಕೆಟ್ಟಿಗೆ ಜಾಡಿಸಿ, ಬಕೆಟ್ಟನ್ನು ಎಮ್ಮೆಯ ಮುಂದಿಟ್ಟರು. ನಮ್ಮ ಮನೆಯಲ್ಲಿ ಉಳಿದ ಅನ್ನ, ಸಾರು, ಪಾತ್ರೆ ತೊಳೆದ ನೀರು ಎಲ್ಲಕ್ಕೂ ಅದೇ ಹಕ್ಕುದಾರಳು. ಮಗಳು ಚೀರುವ ಹೊತ್ತಿಗೆ ಬಕೆಟ್ಟು ಅರ್ಧ ಖಾಲಿ.

ನಾನು ಹಿಂದುಮುಂದು ನೋಡದೆ ಎಮ್ಮೆಯ ಬಾಯಿಗೆ ಕೈ ಹಾಕಿದೆ.

"ಯವ್ವಾ, ಅದು ನುಂಗೇಬಿಟ್ಟೈತಿ! ನನ್ನ ಹಲ್ಲು ಮತ್ತ ಸೊಟ್ಟ ಆಗತಾವ" ಎಂದು ಮಗಳು ಅಳತೊಡಗಿದಳು.

"ಎಮ್ಮಿಗೆ ಮುಂದಿನ ಮ್ಯಾಲಿನ ಹಲ್ಲೇ ಇಲ್ಲ. ಮ್ಯಾಲಿನ ಪ್ಲೇಟ ತಗೊಂಡು ಅದೇನ ಮಾಡತೈತಿ?" ಎಂದರು ಅತ್ತೆ. ನನಗೆ ಮೈಯೆಲ್ಲ ಉರಿಯಿತು. ಎಮ್ಮೆ ಮೊಣಕೈವರೆಗೂ ಜೊಲ್ಲು ಕೊಟ್ಟಿತು, ಪ್ಲೇಟು ಕೊಡಲಿಲ್ಲ.

ಬಕೆಟ್ಟನ್ನು ಅಂಗಳದಲ್ಲಿ ಸುರಿದಾಗ ತಳದಲ್ಲಿ ಸಿಕ್ಕಿತು, ಬದನೆಕಾಯಿ ತೊಟ್ಟಿನ ಜೊತೆ. ಹೋದ ಜೀವ ಬಂದಂತಾಯಿತು. "ಎಮ್ಮಿ ಮೂತಿ ಹಚ್ಚೈತಿ, ತಾ ಇಲ್ಲೆ" ಎಂದು ಅತ್ತೆ ಕಸಿದುಕೊಂಡರು. ನಾನು ಕೈ ತೊಳೆದು ಬರುವಷ್ಟರಲ್ಲಿ ಅದನ್ನು ಅರಿಶಿನದ ನೀರಿಗೆ ಹಾಕಿ ಕಳಕಳ ಕುದಿಸಿಬಿಟ್ಟಿದ್ದರು. ಹೊರಬಂದದ್ದು ಹಳದಿ ಬಣ್ಣದ, ಮುರುಟಿದ, ಯಾರ ಬಾಯಿಗೂ ಕೂರದ ವಸ್ತು. ಎಮ್ಮೆ ಬಿಟ್ಟುಕೊಟ್ಟದ್ದನ್ನು ನಮ್ಮತ್ತೆಯ ಮಡಿ ನುಂಗಿತ್ತು.

ಮರುದಿನ ಮೂವರೂ ಕೊಪ್ಪಳದ ಬಸ್ಸು ಹತ್ತಿದೆವು. ಅತ್ತೆ ದಾರಿಯುದ್ದಕ್ಕೂ "ಬಾಯಿ ತಗಿ, ಸರದಾವೇನು ನೋಡ್ತೀನಿ" ಎಂದು ಮೊಮ್ಮಗಳ ಜೀವ ತಿಂದರು. ವೈದ್ಯೆ ಪರೀಕ್ಷಿಸಿ, ಹಲ್ಲುಗಳು ಇದ್ದಲ್ಲೇ ಇವೆ, ಇವತ್ತೇ ಅಳತೆ ತೆಗೆದುಕೊಂಡು ಬೇಗ ಹೊಸದು ಮಾಡಿಸೋಣ ಎಂದರು. ಆಮೇಲೆ ಆ ಹಳದಿ ವಸ್ತುವನ್ನು ಎತ್ತಿ ಹಿಡಿದು, "ಇದಕ್ಕೇನಾತ್ರೀ?" ಎಂದು ಕೇಳಿದರು.

ಅತ್ತೆ ನೆಲ ನೋಡಿದರು. ಮಗಳೇ ಹೇಳತೊಡಗಿದಳು. "ನಮ್ಮವ್ವ ಎಮ್ಮಿ ಬಾಯಾಗ..." ಎನ್ನುವಷ್ಟರಲ್ಲಿ ಅವಳಿಗೆ ತಡೆಯಲಾಗದ ನಗು ಬಂತು. ಹೊರಗೆ ಕೂತಿದ್ದವರೆಲ್ಲ ಬಗ್ಗಿ ನೋಡಿದರು. ಅವಳು ನಿಲ್ಲಿಸಲಿಲ್ಲ.

"ಎಷ್ಟ ಛಂದ ಅದಾವಲ್ಲ" ಎಂದರು ಅತ್ತೆ ಮೆಲ್ಲಗೆ. ಅವರ ಮೇಲೆ ರೇಗಲು ಇಡೀ ದಾರಿ ಮಾತು ಕೂಡಿಟ್ಟುಕೊಂಡಿದ್ದ ನಾನು, ಅವರಿಗೆ ಇನ್ನೂ ಚೆನ್ನಾಗಿ ಕಾಣಲಿ ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟೆ.