ಹಳದಿ ಬೋರ್ಡಿನ ಗೊಂಬೆ ಅಂಗಡಿ ಅಕ್ಕ

ಮೊನ್ನೆ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದೆ. ಡಬ್ಬಿಯ ಮೂತಿಯಿಂದ ಒಂದು ತೊಟ್ಟು ಬೆರಳಿಗಿಳಿಯಿತು. ಒರೆಸಿಕೊಳ್ಳಲು ಬಟ್ಟೆ ಚೂರು ಹುಡುಕುತ್ತಿದ್ದವಳ ಮೂಗಿಗೆ ಆ ವಾಸನೆ ತಾಗಿ, ಕೈ ಅಲ್ಲೇ ನಿಂತಿತು. ಎಷ್ಟೋ ವರ್ಷ ಆ ಎಣ್ಣೆಯಲ್ಲಿ ಅರ್ಧ ನನ್ನ ಮೆಷಿನ್ನಿಗೆ ಹೋದರೆ, ಇನ್ನರ್ಧ ಪಕ್ಕದ ಅಂಗಡಿಯ ಕರಡಿ, ಕೋತಿ, ಕಾರುಗಳ ಹೊಟ್ಟೆಗೆ ಹೋಗುತ್ತಿತ್ತು...

ತೊಂಬತ್ತರ ದಶಕದ ಮೊದಲ ವರ್ಷಗಳವು. ತೆರಕಣಾಂಬಿಯಿಂದ ಗುಂಡ್ಲುಪೇಟೆಗೆ ಮದುವೆಯಾಗಿ ಬಂದಿದ್ದ ನಾನು ಊಟಿ ರಸ್ತೆಯ ಪುಟ್ಟ ಮಳಿಗೆಯೊಂದರಲ್ಲಿ ರವಿಕೆ ಹೊಲಿಯುತ್ತಿದ್ದೆ. ಪಕ್ಕದ ಮಳಿಗೆ ಅಕ್ಕನದು. ಊರಿಗೆಲ್ಲ ಅವರು ಗೊಂಬೆ ಅಂಗಡಿ ಅಕ್ಕ. ಗಂಡ ಚಾಮರಾಜನಗರದಲ್ಲಿ ಶುರು ಮಾಡಿದ್ದ ಆಟದ ಸಾಮಾನಿನ ವ್ಯಾಪಾರವನ್ನು, ಅವರು ತೀರಿಕೊಂಡ ಮೇಲೆ, ಅಕ್ಕ ಮತ್ತು ಮೈದುನ ಸೇರಿ ಬೆಳೆಸಿದ್ದರು. ಚಾಮರಾಜನಗರದ ಅಂಗಡಿ ಮೈದುನನದು, ಗುಂಡ್ಲುಪೇಟೆಯದು ಅಕ್ಕನದು. ತೆರಕಣಾಂಬಿಯಲ್ಲೂ ಒಂದು ಚಿಕ್ಕ ಅಂಗಡಿ ತೆರೆದು ನೆಂಟರೊಬ್ಬರನ್ನು ಕೂರಿಸಿದ್ದರು. ಎಲ್ಲಕ್ಕೂ ಒಂದೇ ಹೆಸರು, ಒಂದೇ ಹಳದಿ ಬೋರ್ಡು. ನನ್ನ ತವರಿನಲ್ಲೂ ಗಂಡನ ಊರಿನಲ್ಲೂ ಅದೇ ಬೋರ್ಡು ಕಂಡಾಗ, ಯಾಕೋ ಏನೋ, ನನಗೆ ಒಂಥರಾ ಧೈರ್ಯ ಬರುತ್ತಿತ್ತು.

ಅಕ್ಕನ ಅಂಗಡಿಯಲ್ಲಿ ‘ಮುಟ್ಟಬೇಡ’ ಅನ್ನುವ ಮಾತೇ ಇರಲಿಲ್ಲ. ನೆಲಕ್ಕೆ ಚಾಪೆ ಹಾಸಿರುತ್ತಿತ್ತು. ಸಂತೆಗೆ ಬಂದವರ ಮಕ್ಕಳು, ಬಸ್ಸಿಗೆ ಕಾಯುವವರ ಮಕ್ಕಳು, ಕೊಳ್ಳುವವರು, ಕೊಳ್ಳದವರು ಎಲ್ಲರೂ ಅಲ್ಲಿ ಕೂತು ಆಡುತ್ತಿದ್ದರು. ಯಾರಾದರೂ ತಾಯಿ ನಾಚಿಕೊಂಡು ಮಗುವನ್ನು ಎಳೆದರೆ ಅಕ್ಕ ಬಿಡುತ್ತಿರಲಿಲ್ಲ. “ಆಡ್ಲಿ ಬುಡವ್ವ, ಸವ್ದೋದದಾ?” ಅನ್ನುತ್ತಿದ್ದರು. ಕೆಟ್ಟುಹೋದ ಆಟದ ಸಾಮಾನನ್ನು ತಾವೇ ಬಿಚ್ಚಿ ಸರಿಮಾಡಿ ಕೊಡುತ್ತಿದ್ದರು. ಆಗಲೇ ನನ್ನ ಬಾಗಿಲಿಗೆ ಬಂದು ನಿಲ್ಲುತ್ತಿದ್ದುದು: “ಒಂದ್ ತೊಟ್ಟು ಎಣ್ಣೆ ಬುಡಮ್ಮಿ ಇದ್ರ ಬಾಯ್ಗ.”

ಆಮೇಲೆ ಗಾಳಿ ತಿರುಗಿತು. ಬಳೆ ಅಂಗಡಿಯಲ್ಲಿ, ಫ್ಯಾನ್ಸಿ ಸ್ಟೋರಿನಲ್ಲಿ, ಬಸ್‌ಸ್ಟ್ಯಾಂಡಿನ ತಳ್ಳುಗಾಡಿಯಲ್ಲಿ, ಎಲ್ಲೆಂದರಲ್ಲಿ ತೀರಾ ಅಗ್ಗದ ಪ್ಲಾಸ್ಟಿಕ್ ಗೊಂಬೆಗಳು ಬಂದವು. ಮೊದಲು ತೆರಕಣಾಂಬಿಯ ಅಂಗಡಿ ಮುಚ್ಚಿತು. ಒಂದು ಮಧ್ಯಾಹ್ನ ಮೈದುನ ಅಂಥದೇ ಸಾಮಾನಿನ ದೊಡ್ಡ ಚೀಲ ಹೊತ್ತುಕೊಂಡು ಬಂದ. ಅಕ್ಕ ಒಂದು ಕೆಂಪು ಗಿಲಕಿ ಎತ್ತಿಕೊಂಡು, ಸೆರಗಿನ ತುದಿ ನೀರಿನಲ್ಲಿ ಅದ್ದಿ ತಿಕ್ಕಿದರು. ಬಿಳಿ ಸೆರಗು ಕೆಂಪಾಯಿತು.

“ಇದ್ನ ಕೂಸು ಬಾಯ್ಗ ಆಕ್ಕಂಡ್ರ?”

“ಎಲ್ರೂ ಮಾರ್ತಾವ್ರ ಅತ್ತಿಗ. ನಾವೊಬ್ರು ಬುಟ್ರ ಏನ್ ನಿಂತೋದದಾ?”

“ನಿಲ್ಲಲ್ಲ ಕಣಪ್ಪ. ಆದ್ರ ನಮ್ ಬೋರ್ಡಿನ ಕೆಳ್ಗ ಬ್ಯಾಡ.”

ಮೈದುನ ಕೆಟ್ಟವನಲ್ಲ. ಅವನಿಗೂ ಸಂಸಾರವಿತ್ತು. ಚೀಲ ಹೊತ್ತುಕೊಂಡು ಹೋದ. ಅದಾದ ಮೇಲೆ ಒಂದು ವರ್ಷವೂ ಕಳೆದಿರಲಿಕ್ಕಿಲ್ಲ, ಚಾಮರಾಜನಗರದ ಅಂಗಡಿಯ ಬೋರ್ಡು ಇಳಿಸಿ ಅಲ್ಲಿ ಫೋನ್ ಬೂತ್ ಇಟ್ಟುಕೊಂಡ. ರಿಪೇರಿಗೆಂದು ಜನ ಬಿಟ್ಟುಹೋಗಿದ್ದ ಹಳೇ ಸಾಮಾನುಗಳೆಲ್ಲ ಒಂದು ಮೂಲೆಯಲ್ಲಿ ಬಿದ್ದಿದ್ದವು. ಮೈದುನ ಅವನ್ನು ತಿಪ್ಪೆಗೆ ಸುರಿಯಲು ಹೊರಟಿದ್ದಾನೆಂದು ತಿಳಿದು ಅಕ್ಕ ಬಸ್ಸು ಹತ್ತಿದರು. ಸಂಜೆ ವಾಪಸ್ಸು ಬಂದಾಗ ಕಂಕುಳಲ್ಲಿ ಒಂದು ಗೋಣಿಚೀಲ.

ವ್ಯಾಪಾರ ಬತ್ತಿ ಮುಚ್ಚುವುದಕ್ಕೆ ಹತ್ತಿರವಾದ ತಮ್ಮ ಅಂಗಡಿಯಲ್ಲಿ ಕೂತು ಅಕ್ಕ ಒಂದೊಂದನ್ನೇ ಸರಿಮಾಡಿದರು. ವಾರಸುದಾರರ ಮನೆಗೆ ತಾವೇ ಹೋಗಿ ಕೊಟ್ಟು ಬಂದರು. ಕೊನೆಗೆ ಉಳಿದದ್ದು ಕೀಲಿ ಕೊಟ್ಟರೆ ಡೋಲು ಬಡಿಯುವ ಒಂದು ಕರಡಿ. ಅದಕ್ಕೆ ಕೀಲಿ ಇರಲಿಲ್ಲ, ಬೇರೆ ಯಾವ ಕೀಲಿಯೂ ಕೂರಲಿಲ್ಲ. ಒಳಗಿನ ಸ್ಪ್ರಿಂಗ್ ಸರಿಮಾಡಿದ್ದರೂ ಓಡುತ್ತದೋ ಇಲ್ಲವೋ ನೋಡುವ ದಾರಿಯೇ ಇರಲಿಲ್ಲ. ಉಮ್ಮತ್ತೂರಿನವರದು ಅನ್ನುವುದಷ್ಟೇ ಮೈದುನನಿಗೆ ನೆನಪು.

“ಕೀಲಿ ಅವ್ರ ಮನೇಲೇ ಇರ್ಬೋದು. ನೀನೂ ಬಾ, ಓಗನ,” ಅಂದರು ಅಕ್ಕ. ನಾನು ಮೆಷಿನ್ನಿಗೆ ಬಟ್ಟೆ ಹೊದಿಸಿ ಹೊರಟೆ.

ಉಮ್ಮತ್ತೂರಿನಲ್ಲಿ ಕೇಳುತ್ತ ಕೇಳುತ್ತ ಹೋಗಿ ಮನೆ ಹಿಡಿದೆವು. ಕೂಲಿಗೆ ಹೋಗುವವರ ಮನೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಗಸು ಕರಡಿಯನ್ನು ಕಂಡು ಎದ್ದೇ ನಿಂತಳು. ಅವಳ ಗಂಡ ಮಗಳಿಗೆಂದು ಕೊಡಿಸಿದ್ದ ಕರಡಿಯಂತೆ. ರಿಪೇರಿಗೆ ಬಿಟ್ಟು ಬಂದ ಮೇಲೆ ಅವನು ಕಾಯಿಲೆ ಬಿದ್ದು ತೀರಿಹೋಗಿದ್ದ.

“ಅಂಗ್ಡಿ ಮುಚ್ಚೋಯ್ತು ಅಂದ್ರು. ಇದೂ ಓಯ್ತು ಅನ್ಕಂಡಿದ್ವಿ ಕಣವ್ವ...”

ಒಳಗಿನಿಂದ ಹುಡುಗಿ ಬಂದಳು. ಕರಡಿಯನ್ನು ನೋಡಿದವಳೇ ಏನೂ ಕೇಳದೆ ಕತ್ತಿನ ಕರಿದಾರ ಹೊರಗೆಳೆದಳು. ದಾರದಲ್ಲಿ ಕೀಲಿ ಇತ್ತು. ಅಷ್ಟು ದಿನವೂ ಅದನ್ನು ಕೊರಳಲ್ಲೇ ಇಟ್ಟುಕೊಂಡಿತ್ತು ಮಗು.

ಅವಳು ಕೀಲಿ ತಿರುಗಿಸುವಾಗ ಅಕ್ಕನ ತುಟಿ ಒಣಗಿದ್ದು ನನಗೆ ಕಂಡಿತು. ಕರಡಿ ಒಮ್ಮೆ ಅದುರಿ ಸುಮ್ಮನಾಯಿತು. ಆಮೇಲೆ ಟಕ್ ಟಕ್ ಎಂದು ಡೋಲು ಬಡಿಯತೊಡಗಿತು. ಒಂದೇ ಕೈ. ಇನ್ನೊಂದು ಮೇಲೆತ್ತಿದ್ದು ಹಾಗೇ ನಿಂತಿತ್ತು. ಅಕ್ಕನ ಮುಖ ಸಣ್ಣದಾಯಿತು.

“ಒಂದೇ ಕೈ ಆಡ್ತದಲ್ಲ ಮಗ. ಕೊಡು, ಇನ್ನೊಂದ್ಸಲಿ ಬಿಚ್ಚಿ ನೋಡ್ತೀನಿ.”

ಹುಡುಗಿ ಕರಡಿಯನ್ನು ಎದೆಗೊತ್ತಿಕೊಂಡು ಹಿಂದೆ ಸರಿದಳು. “ಅದು ಮೊದ್ಲಿಂದ್ಲೂ ಅಂಗೇ ಕಣಕ್ಕ ಆಡದು!”

ಅವಳ ತಾಯಿ ನಗಲು ಹೋಗಿ ಅತ್ತುಬಿಟ್ಟಳು. ಅಕ್ಕ ಜಗಲಿಯಲ್ಲಿ ಕೂತು, ಅವಳ ಜೊತೆ ಅವರೆಕಾಯಿ ಸುಲಿಯತೊಡಗಿದರು. ಬುಟ್ಟಿ ಬರಿದಾಗುವವರೆಗೂ ಏಳಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು, “ಇನ್ನ ಮುಚ್ಬೋದು ಕಣಮ್ಮಿ,” ಅಂದರು. ಅಷ್ಟೇ. ಅಂಗಡಿ ಮುಚ್ಚುವ ಬಗ್ಗೆ ಅವರು ನನ್ನೊಡನೆ ಆಡಿದ ಮಾತು ಅದೊಂದೇ.

ಆ ಬೇಸಿಗೆಯಲ್ಲಿ ಗುಂಡ್ಲುಪೇಟೆಯ ಬೋರ್ಡೂ ಇಳಿಯಿತು. ಅಕ್ಕ ನಂಜನಗೂಡಿಗೆ, ಮಗನ ಮನೆಗೆ ಹೋದರು. ಮೊದಮೊದಲು ಹಬ್ಬಕ್ಕೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಆಮೇಲೆ ನನ್ನ ಮಕ್ಕಳು, ನನ್ನ ಮಂಡಿನೋವು... ಹೋಗುವುದು ತಪ್ಪಿತು. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ಹೋದ ವರ್ಷ ಅಕ್ಕನ ಸೊಸೆ ಊಟಿಗೆ ಹೋಗುವ ದಾರಿಯಲ್ಲಿ ನನ್ನನ್ನು ಹುಡುಕಿಕೊಂಡು ಬಂದಳು. ಅತ್ತೆಯ ಅಂಗಡಿ ಇದ್ದ ಜಾಗ ನೋಡಬೇಕಂತೆ. ಅಂಗಡಿ ಮುಚ್ಚಿ ಎಷ್ಟೋ ಕಾಲವಾದ ಮೇಲೆ ಆ ಮನೆಗೆ ಬಂದವಳು ಅವಳು. ಕರೆದುಕೊಂಡು ಹೋಗಿ ತೋರಿಸಿದೆ. ಈಗ ಅಲ್ಲಿ ಮೊಬೈಲ್ ರಿಚಾರ್ಜ್ ಮಾಡುತ್ತಾರೆ. ಇಬ್ಬರು ನಿಂತರೆ ಮೂರನೆಯವರು ಹೊರಗೆ.

ಅವಳು ಒಳಗೆ ಇಣುಕಿದಳು. “ಇಷ್ಟೇನಾ? ಅತ್ತೆ ಏಳ್ತಿದ್ದುದ್ ಕೇಳಿ ಬಾಳ ದೊಡ್ದು ಅನ್ಕಂಡಿದ್ದೆ.”

ನನಗೂ ಆಗಲೇ ಅನಿಸಿದ್ದು, ಎಷ್ಟು ಚಿಕ್ಕದಿತ್ತು ಅಂತ. ಅಲ್ಲಿಯವರೆಗೆ ಅನಿಸಿರಲೇ ಇಲ್ಲ.

“ಆಗ ಊರ ಐಕ್ಳೆಲ್ಲ ಇದ್ರೊಳ್ಗೇ ಇಡಿಸ್ತಿದ್ರು ಕಣಮ್ಮಿ,” ಅಂದೆ.